ಬೆಸುಗೆ ಹಾಕಿದ ನಳಿಗೆ

ಅಕ್ಕ ಮತ್ತೆ ಮೆಟ್ಟಿಲಿಂದ ಜಾರಿ ಬಿದ್ದಳಂತೆ. ಆ ಮನೆಗೆ ಮೆಟ್ಟಿಲೇ ಇಲ್ಲ.

ಬಂದೂಕು ರಿಪೇರಿಯವನು ಅದನ್ನು ಅವಳೆದುರು ಎತ್ತಿ ಆಡಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟ. ದವಡೆ ಊದಿಕೊಂಡು ಅವಳಿಗೆ ನೀರು ನುಂಗುವುದೂ ಕಷ್ಟವಾಗಿತ್ತು. ಅಮ್ಮ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು.

"ನನ್ನ ಮನೇಗೆ ಬಂದ್ಬಿಡಕ್ಕ."

"ಜನ ಆಡ್ಕೊಳ್ತಾರೆ, ಬಿಡೋ. ನಿಮ್ಮ ಭಾವ ಆಮೇಲೆ ಸರಿ ಹೋಗ್ತಾರೆ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಟ ಮೇಲೆ, ಭಾವನನ್ನು ಮುಗಿಸಬೇಕೆಂದು ಅವನು ತೀರ್ಮಾನಿಸಿದ. ಸಿಟ್ಟಿನಿಂದಲ್ಲ. ಸಿಟ್ಟು ಬಂದರೆ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ಅವನು ಎಂದೂ ಅರ ಹಿಡಿದವನಲ್ಲ.

ದಾರಿಯನ್ನು ಭಾವನೇ ತಂದುಕೊಟ್ಟ. ಹಣ್ಣಿನ ತೋಟದ ಕಾವಲುಗಾರ ಅವನು. ಹಂದಿ ಹೊಡೆಯುವ ಹಳೆಯ ಕೋವಿಯನ್ನು ಒಂದು ದಿನ ತಂದು ಬೆಂಚಿನ ಮೇಲೆ ಎಸೆದು, "ಟ್ರಿಗರ್ ಬಿಗಿಯಾಗಿದೆ, ನೋಡಿಡು" ಎಂದು ಹೇಳಿ ಹೋದ. ನಳಿಗೆ ಬಿರುಕು ಬಿಟ್ಟಿತ್ತು. ಗೇಟು, ಕಿಟಕಿ ಮಾಡುವ ವೆಲ್ಡಿಂಗಿನವನ ಹತ್ತಿರ ಭಾವ ಅದಕ್ಕೆ ಬೆಸುಗೆ ಹಾಕಿಸಿ, ಮೇಲೆ ತಂತಿ ಸುತ್ತಿಸಿದ್ದ. ಅಂಥ ಕೋವಿ ಎಂದಾದರೂ ಒಂದು ದಿನ ಸಿಡಿಯುತ್ತದೆ, ಹಾರಿಸಿದವನ ಮುಖಕ್ಕೇ ಸಿಡಿಯುತ್ತದೆ. ರಿಪೇರಿಯವನಿಗೆ ಬೇಕಾಗಿದ್ದುದು ಇಷ್ಟೇ: 'ಎಂದಾದರೂ' ಎನ್ನುವುದು 'ಮುಂದಿನ ಸಲ' ಆಗಬೇಕು. ತಂತಿಯ ಸುತ್ತು ಬಿಚ್ಚಿ, ಉಕ್ಕನ್ನು ಬಡವಾಗಿಸಿ, ತಂತಿಯನ್ನು ಮೊದಲಿದ್ದ ಹಾಗೆಯೇ ಸುತ್ತಿದ. ಹೊರಗಿನಿಂದ ಒರೆಸಿ ಎಣ್ಣೆ ಸವರಿದ. ಕೋವಿ ಎಂದಿಗಿಂತ ಚೆನ್ನಾಗಿ ಕಾಣುತ್ತಿತ್ತು.

ಇನ್ನು ಉಳಿದದ್ದು ಅನುಮಾನ. ಕೋವಿ ಸಿಡಿದರೆ ಮೊದಲು ಬೆರಳು ತೋರಿಸುವುದು ರಿಪೇರಿಯವನ ಕಡೆಗೇ. ಹಾಗಾಗಿ ಬೇಡವೆಂದು ಬಡಿದುಕೊಂಡವನು ತಾನೇ ಆಗಿರಬೇಕು. ಭಾವನ ಸ್ವಭಾವವೂ ಅದಕ್ಕೆ ಒಗ್ಗುವಂಥದ್ದು. ಯಾರಾದರೂ ಬೇಡ ಎಂದರೆ ಸಾಕು, ಅದನ್ನೇ ಹಟ ಹಿಡಿದು ಮಾಡುವ ಗಂಡಸು.

ಚಹಾದಂಗಡಿಯಲ್ಲಿ ಜನ ಸೇರುವ ಹೊತ್ತು ನೋಡಿಕೊಂಡು ಕೋವಿಯನ್ನು ಅಲ್ಲಿಗೇ ಒಯ್ದ. ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಕೂಡ ಬೆಂಚಿನ ಮೇಲಿದ್ದರು. ಅವರಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

"ಭಾವ, ನಾನು ಇದನ್ನ ರಿಪೇರಿ ಮಾಡಲ್ಲ. ಇದು ಕೋವಿ ಅಲ್ಲ, ಬಾಂಬು. ಬೆಸುಗೆ ಹಾಕಿದ ನಳಿಗೆ ಮದ್ದು ತಡೆಯಲ್ಲ. ಹಾರಿಸಿದ್ರೆ ಮುಖ ಉಳಿಯಲ್ಲ, ಅಷ್ಟೇ."

ಭಾವ ಹಲ್ಲು ಕಿರಿದ. "ನೋಡ್ರಪ್ಪಾ! ಬಂದೂಕಿನಲ್ಲೇ ಅನ್ನ ತಿನ್ನೋನು ಬಂದೂಕಿಗೇ ಹೆದರ್ತಾನೆ!"

"ಅವನು ಹೇಳೋದು ಕೇಳಯ್ಯ," ಎಂದು ಹೆಡ್ ಕಾನ್‌ಸ್ಟೆಬಲ್ ಗದರಿದರು.

ಭಾವ ಕೋವಿಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದ. ರಿಪೇರಿಯವನು ಚಹಾ ಕುಡಿದ. ರುಚಿಯಾಗಿತ್ತು.

ಆಮೇಲೂ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ಕ್ಷೌರದವನಿಗೆ ಹೇಳಿದ, ತೋಟದ ಯಜಮಾನನಿಗೆ ಹೇಳಿದ. ಸುದ್ದಿ ಬಂದಾಗ ಮುಖ ಹೇಗಿರಬೇಕೆಂದು ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿಕೊಂಡ.

ಸುದ್ದಿ ತಂದವನು ತೋಟದ ಟ್ರ್ಯಾಕ್ಟರಿನವನು. "ಬೇಗ ಆಸ್ಪತ್ರೆಗೆ ನಡೀರಿ. ಕೋವಿ ಸಿಡೀತು."

"ಅಯ್ಯೋ, ಎಷ್ಟು ಬಡ್ಕೊಂಡೆ!" ಎಂದ ರಿಪೇರಿಯವನು. ಧ್ವನಿ ಅವನು ಅಂದುಕೊಂಡಷ್ಟೇ ಒಡೆದಿತ್ತು.

ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಭಾವ ಕೂತಿದ್ದ. ಎರಡು ಕಣ್ಣು, ಹತ್ತು ಬೆರಳು, ಎಲ್ಲವೂ ಇದ್ದಲ್ಲೇ ಇದ್ದವು. ಭಾವ ಎದ್ದು ಬಂದು ಅವನ ಕೈ ಹಿಡಿದುಕೊಂಡ.

"ನಿನ್ನ ಮಾತು ಕೇಳಿ ಬದುಕ್ಕೊಂಡೆ ಕಣಯ್ಯ. ಅಲ್ಲಿ ನಕ್ಕೆ ನಿಜ, ಆದ್ರೆ ಜೀವ ಹೆದರಿಬಿಟ್ಟಿತ್ತು. ತಂದು ಹಟಕ್ಕೆ ತೋಟೆ ತುಂಬಿ ಗೋಡೆಗೆ ತೂಗುಹಾಕಿದವನು ಮತ್ತೆ ಮುಟ್ಟಿಲ್ಲ. ತುಂಬಿದ್ದ ತೋಟೆ ತೆಗೆಯೋಕೂ ಧೈರ್ಯ ಬರಲಿಲ್ಲ. ಇವತ್ತು ನಾನು ಬೆಲ್ಟ್ ಬಿಚ್ಚಿದ್ದಷ್ಟೇ, ನಿನ್ನಕ್ಕ ಗೋಡೆ ಮೇಲಿದ್ದ ಕೋವೀನ ಎಳ್ಕೊಂಡು ನನಗೇ ಗುರಿಯಿಟ್ಳು!"

ಒಳಗೆ ಅಕ್ಕನ ಮುಖ ಪೂರ್ತಿ ಬ್ಯಾಂಡೇಜಿನಲ್ಲಿತ್ತು. ಎಡಗೈ ಇರಬೇಕಾದ ಕಡೆ ಹತ್ತಿಯ ಉಂಡೆಯಿತ್ತು. ಕಣ್ಣು ಉಳಿಯುವುದಿಲ್ಲವೆಂದು ನರ್ಸು ಬಾಗಿಲಲ್ಲೇ ಹೇಳಿದ್ದಳು. ಹೆಜ್ಜೆಯ ಸದ್ದಿನಲ್ಲೇ ಅಕ್ಕ ಅವನ ಗುರುತು ಹಿಡಿದಳು. ಅವನು ಬಗ್ಗಿ ಅವಳ ಬಾಯಿಯ ಹತ್ತಿರ ಕಿವಿಯಿಟ್ಟ. "ನಿನ್ನ ಕೈಗೆ ಹೋಗಿ ಬಂದಿದ್ದ ಕೋವಿ ಅಲ್ವೇನೋ," ಎಂದಳು ಅವಳು, ತಡೆತಡೆದು. "ನೀನೇ ಎಣ್ಣೆ ಹಾಕಿ ಒರೆಸಿದ್ದೆ. ಸರಿ ಮಾಡಿ ಕೊಟ್ಟಿದ್ದೀಯ ಅಂದ್ಕೊಂಡೆ. ಊರಿಗೆಲ್ಲಾ ಹೇಳಿದ್ಯಂತೆ... ನನಗೊಬ್ಬಳಿಗೆ ಹೇಳಬಾರದಿತ್ತೇನೋ?"