ಹದಿಮೂರು ಕಾವುಗಳು

"ನಾನು ಆ ಹೊಸ್ತಿಲು ತುಳಿಯಲ್ಲ ಕಣಮ್ಮ, ನೀನೇ ಹೋಗಿ ನೋಡ್ಕೊಂಡು ಬಾ!"

ಕಲ್ಯಾಣದುರ್ಗದ ಆ ಮನೆಯೆದುರು, ಹೊಂಗೆ ಮರದ ಕೆಳಗೆ ಮುನೆಮ್ಮ ನಿಂತೇಬಿಟ್ಟಳು. ಸೊಸೆ ಕಲ್ಯಾಣಿ ಎಷ್ಟು ಕೈ ಜಗ್ಗಿದರೂ ಕದಲಲಿಲ್ಲ. ಹಿಂದೂಪುರದಿಂದ ಬಸ್ಸು ಬದಲಾಯಿಸಿ ಬರುವಾಗ ಇದ್ದ ಧೈರ್ಯ ಆ ನೀಲಿ ಬಾಗಿಲು ಕಂಡೊಡನೆ ಎಲ್ಲಿ ಹೋಯಿತೋ! ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಬಾಗಿಲಿನಿಂದ, ಅಳುತ್ತಿದ್ದ ಐದು ವರ್ಷದ ಮಗ ಅಂಜಿಯನ್ನು ಎತ್ತಿಕೊಂಡು ಗಂಡನ ಹಿಂದೆ ಹೊರಟುಹೋದವಳು ಅವಳು. "ಇನ್ನು ಈ ಮನೆ ನೀರೂ ಕುಡಿಯಲ್ಲ" ಎಂದು ವಾರಗಿತ್ತಿ ಶಿವಲಕ್ಷ್ಮಮ್ಮನಿಗೆ ಮುಖದ ಮೇಲೆ ಹೇಳಿ ಬಂದಿದ್ದಳು.

ಆದರೆ ಹೆತ್ತ ಕರುಳು ಕೇಳಬೇಕಲ್ಲ! ಗೋರಂಟ್ಲದ ಬಸ್ ಸ್ಟ್ಯಾಂಡಿನಲ್ಲಿ ಅಂಜಿಯ ಬಡಗಿ ಸಾಮಾನಿನ ಚೀಲ ಕಳುವಾಗಿ ಹದಿನೈದು ದಿನವಾಗಿತ್ತು. ತೀರಿಕೊಂಡ ತಂದೆ ಬಿಟ್ಟುಹೋದ ಸಾಮಾನು ಅದು. ಅಂಗಡಿಯಿಂದ ತಂದ ಹೊಸ ಬಾಚಿ ನಾಲ್ಕೇ ದಿನಕ್ಕೆ ಮೊಂಡಾಯಿತು. ಸೋಮವಾರ ಕೆಲಸ ಹಿಡಿಯದಿದ್ದರೆ ಒಪ್ಪಿಕೊಂಡ ಬಾಗಿಲುವಾಡದ ಕೆಲಸ ಬೇರೆಯವರ ಪಾಲು. ಬರಿಗೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ ಮಗನನ್ನು ನೋಡಲಾಗದೆ ಮುನೆಮ್ಮ ಒಲೆಯ ಮುಂದೆ ಮುಖ ಮರೆಸಿ ಅಳುತ್ತಿದ್ದಳು. ಆಗಲೇ ಸುದ್ದಿ ಬಂದದ್ದು: ಮೂರು ತಿಂಗಳ ಹಿಂದೆ ಸತ್ತ ಭಾವ, ಬಡಗಿ ಪೆದ್ದಣ್ಣನ ಮನೆಯ ಸಾಮಾನೆಲ್ಲ ಬಾಚಿ ಗರಗಸ ಸಮೇತ ಮಾರುತ್ತಿದ್ದಾರೆ, ಶಿವಲಕ್ಷ್ಮಮ್ಮ ತಮ್ಮನ ಜೊತೆ ಕುಂದುರ್ಪಿಗೆ ಹೋಗುತ್ತಿದ್ದಾಳೆ.

ಅಂಗಳದ ತುಂಬ ಟಾರ್ಪಾಲಿನ ಮೇಲೆ ಕೊಳದಪ್ಪಲೆ, ಮಂಚ, ಮಿಕ್ಸಿ, ಗರಗಸ, ಉಳಿ. ಶಿವಲಕ್ಷ್ಮಮ್ಮನ ತಮ್ಮ ಉಜ್ಜಿನಪ್ಪ ಗಂಟಲು ಹರಿದುಕೊಳ್ಳುತ್ತಿದ್ದ. "ಎಂತಕಿಸ್ತಾವಣ್ಣಾ?" ಎಂದು ಬೆಲೆ ಕೇಳುವವರು ಸುತ್ತಲೂ ಮುತ್ತಿಕೊಂಡಿದ್ದರು. ಕಲ್ಯಾಣಿ ಮೂಲೆಯಲ್ಲಿದ್ದ ಗೋಣಿ ಮೂಟೆಯನ್ನು ಎಳೆದು ಬಿಚ್ಚಿದಳು. ಒಳಗೆ ಎಣ್ಣೆ ಸವರಿದ ಬಾಚಿ, ಕೀಸುಳಿ, ಕೊಡತಿ. ಜೊತೆಗೊಂದು ಕಟ್ಟು ಕಾವುಗಳು, ಬಾಚಿಗೆ ಹಾಕುವ ಮರದ ಹಿಡಿಗಳು.

"ಅದಾ? ಎಡಚರ ಸಾಮಾನು ಕಣಮ್ಮ," ಎಂದ ಉಜ್ಜಿನಪ್ಪ. "ಬೆರಳಿನ ತಗ್ಗೆಲ್ಲ ಎಡಗೈಗೆ ಕೆತ್ತವ್ರೆ. ಗುಜರಿಯೋನು ಬತ್ತಾನೆ, ಅವನಿಗೇ ಅದು."

"ನಮ್ಮನೆಯೋರು ಎಡಚರೇ ಕಣಣ್ಣ..."

"ಅದನ್ನ ಮುಟ್ಬೇಡ!"

ಗೋಡೆ ಹಿಡಿದುಕೊಂಡು ಶಿವಲಕ್ಷ್ಮಮ್ಮ ಹೊರಗೆ ಬಂದಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. "ಉಜ್ಜಿನಾ, ಅದು ಮಾರಕ್ಕಲ್ಲ ಅಂತ ಎಷ್ಟು ಸಲ ಬಡ್ಕೊಂಡೆನೋ?"

"ಈ ಹದಿಮೂರು ಕೋಲು ಹೊತ್ಕೊಂಡು ಕುಂದುರ್ಪಿಗೆ ಬಂದು ಏನು ಮಾಡ್ತೀಯಕ್ಕ? ಒಲೆಗೆ ಹಾಕ್ತೀಯಾ?"

ಶಿವಲಕ್ಷ್ಮಮ್ಮ ಕೂತು ಕಾವುಗಳನ್ನು ಒಂದೊಂದಾಗಿ ತಡವಿದಳು. ಮೊದಲಿನದು ಮಕ್ಕಳ ಆಟಿಕೆಯಷ್ಟು. ಮುಂದಿನದು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ. ಅದರ ಮುಂದಿನದು ಇನ್ನಷ್ಟು...

"ನಮ್ಮ ಮೈದುನನ ಮಗಂದು ಕಣಮ್ಮ ಇವು. ಎಡಗೈಲಿ ಉಣ್ತಾನೆ ಅಂತ ಕಾದ ಸೌಟು ಅವನ ಮುಂಗೈಗೆ ಇಟ್ಬುಟ್ಟೆ. ಪಾಪಿ ನಾನು! ಅವರು ಮನೆ ಬುಟ್ಟು ಹೋದ್ರು. ನಮ್ಮ ಯಜಮಾನ್ರು ನನಗೆ ಒಂದು ಮಾತೂ ಅನ್ಲಿಲ್ಲ. ಬೈದಿದ್ರೆ ತಡ್ಕೊಂತಿದ್ದೆ... ವರ್ಸಾ ವರ್ಸಾ ಆಯುಧಪೂಜೆ ದಿನ ಕೂತ್ಕೊಂಡು ಒಂದು ಕಾವು ಕೆತ್ತೋರು. 'ಹುಡುಗನಿಗೆ ಈಗ ಏಳು, ಕೈ ಇಷ್ಟಾಗಿರ್ತೈತೆ. ಈಗ ಎಂಟು, ಇಷ್ಟಾಗಿರ್ತೈತೆ.' ಹದಿನೆಂಟಕ್ಕೆ ನಿಲ್ಲಿಸಿದ್ರು. 'ಇನ್ನು ಕೈ ಬೆಳೆಯಲ್ಲ ಲಚ್ಚಮ್ಮಾ' ಅಂದ್ಬುಟ್ರು!"

ಮುನೆಮ್ಮ ತನಗೇ ತಿಳಿಯದೆ ಅಂಗಳದೊಳಗೆ ಬಂದು ನಿಂತಿದ್ದಳು. ಒಂದು ಸಲವೂ ನೋಡಲು ಬರಲಿಲ್ಲ ಎಂದು ಅವಳು ಶಪಿಸಿದ್ದ ಆ ಭಾವ, ಕಾಣದ ಕೂಸಿನ ಕೈಯನ್ನು ವರ್ಷ ವರ್ಷ ಮನಸ್ಸಿನಲ್ಲೇ ಅಳೆದಿದ್ದನಲ್ಲ!

"ಅಕ್ಕಾ..."

ಶಿವಲಕ್ಷ್ಮಮ್ಮ ದನಿ ಬಂದತ್ತ ಮುಖ ತಿರುಗಿಸಿದಳು. "ಯಾರು? ಮುನಿಯಾ? ನೀರೂ ಕುಡಿಯಲ್ಲ ಅಂದೋಳು ಯಾಕ್ ಬಂದ್ಯೇ?"

"ಬಾಯಾರೈತೆ ಕಣಕ್ಕ. ಕೊಡ್ತೀಯಾ?"

ಮುದುಕಿಯರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅಳು ಇಳಿದ ಮೇಲೆ ಶಿವಲಕ್ಷ್ಮಮ್ಮ ಪಿಸುದನಿಯಲ್ಲಿ ಕೇಳಿದಳು: "ಮುನಿ... ಹುಡುಗನ ಮುಂಗೈ ಮೇಲೆ ಕಲೆ ಐತೇನೇ?"

ಮುನೆಮ್ಮನ ಕಣ್ಣಮುಂದೆ ಅಂಜಿಯ ಮುಂಗೈ ಬಂತು. ಬೆರಳುದ್ದದ ಕಲೆ, ಹುಡುಗ ಬೆಳೆದಂತೆಲ್ಲ ಅವನ ಜೊತೆಗೇ ಬೆಳೆದ ಕಲೆ...

"ಎಲ್ಲಿ ಕಲೆ ಅಕ್ಕ! ಆರು ತಿಂಗಳಿಗೇ ಮಾಸೋಯ್ತು. ಅಲ್ಲೇನಮ್ಮ ಕಲ್ಯಾಣಿ?"

ಗಂಡನ ಆ ತೋಳಿನ ಮೇಲೆ ದಿನವೂ ತಲೆಯಿಟ್ಟು ಮಲಗುವ ಕಲ್ಯಾಣಿ ಅತ್ತೆಯ ಮುಖ ನೋಡಿದಳು. "ಸುಟ್ಟಿತ್ತು ಅನ್ನೋದೇ ನನಗೆ ಇವತ್ತು ಗೊತ್ತಾಗಿದ್ದು, ದೊಡ್ಡತ್ತೆ," ಎಂದಳು.

ಶಿವಲಕ್ಷ್ಮಮ್ಮ ಕಣ್ಣು ಮುಚ್ಚಿದಳು. ಎಷ್ಟೋ ವರ್ಷದಿಂದ ಬಿಗಿಹಿಡಿದ ಉಸಿರು ಹೊರಬಂತು. ಮರುಗಳಿಗೆಯೇ ಮೂಟೆಯನ್ನು ಎದೆಗವಚಿಕೊಂಡು ಎದ್ದಳು. "ನಾನೇ ಬಂದು ಅವನ ಕೈಗೆ ಕೊಡ್ತೀನಿ. ನಡೀರಿ!"

"ಅಕ್ಕಾ, ಕುಂದುರ್ಪಿ ಬಸ್ಸು?" ಉಜ್ಜಿನಪ್ಪ ಕೂಗಿದ.

"ಬಸ್ಸು ನಾಳೇನೂ ಐತೆ, ಹೋಗ್ಲಾ!"

ಹಿಂದೂಪುರದ ಬಸ್ಸಿನಲ್ಲಿ ಅಕ್ಕ ತಂಗಿಯರಂತೆ ಅವರಿಬ್ಬರೂ ಒತ್ತಿ ಕೂತಿದ್ದರು. ಮೂರು ಸೀಟು ಹಿಂದೆ ಕಲ್ಯಾಣಿ ಸೆರಗನ್ನು ಬಾಯಿಗೆ ಮರೆಮಾಡಿ ಫೋನಿನಲ್ಲಿ ಅಂಜಿಗೆ ಎಲ್ಲವನ್ನೂ ಹೇಳಿದಳು. "ನಾವು ಬರೋಷ್ಟರಲ್ಲಿ ತುಂಬುತೋಳಿನ ಅಂಗಿ ಹಾಕ್ಕೊಂಡಿರ್ರಿ."

"ಈ ಬಿಸಿಲಲ್ಲಾ?"

"ಹಾಕ್ಕೊಳ್ರೀ ಅಂದ್ರೆ!"

ಅತ್ತ ಕಡೆಯಿಂದ ಅಂಜಿಯ ದನಿ ಒದ್ದೆಯಾಗಿ ಬಂತು:

"ಮದುವೆದು ಬಿಳೀ ಅಂಗಿ ಐತಲ್ಲ... ಅದನ್ನೇ ಹಾಕ್ಕೊಂತೀನಿ. ದೊಡ್ಡಮ್ಮನ್ನ ಹುಷಾರಾಗಿ ಇಳಿಸ್ಕೊಂಡು ಬಾ."