ಮಿಂಚುಳ್ಳಿಯ ಪೆನ್‌ಡ್ರೈವ್

ಮೂರು ಲೋಕದಲ್ಲೂ ನನ್ನಂಥ ಶೂರನಿಲ್ಲ. ನನ್ನ ಹೆಸರು ಕೇಳಿದರೆ ಡ್ರ್ಯಾಗನ್‌ಗಳು ಮೊಟ್ಟೆಯೊಳಕ್ಕೇ ವಾಪಸ್ ಹೋಗುತ್ತವೆ. ಆದರೆ ಈ ಶೌರ್ಯವೆಲ್ಲ ಒಂದು ಕಪ್ಪು ಪೆನ್‌ಡ್ರೈವ್‌ನಲ್ಲಿತ್ತು. ನಾನು ಮಾತ್ರ ಮಾವನ ಝೆರಾಕ್ಸ್ ಅಂಗಡಿಯಲ್ಲಿದ್ದೆ.

ಅಂಗಡಿ ಬೆಂಕಿಪೊಟ್ಟಣಕ್ಕಿಂತ ತುಸು ಚಿಕ್ಕದು. ಹೊರಬೀಳಲು ಕೌಂಟರಿನ ಎತ್ತುಹಲಗೆಯೊಂದೇ ದಾರಿ, ಅದಕ್ಕೆ ಒರಗಿ ಮಾವ ಕೂತಿರುತ್ತಾನೆ. ‘ಎಲ್ಲಿಗೋ?’ ಎಂಬ ಅವನ ಪ್ರಶ್ನೆಯನ್ನು ದಾಟಿದವರು ಭೂಮಿಯ ಮೇಲಿಲ್ಲ. ಕಂಪ್ಯೂಟರಿಗೂ ನನ್ನದೇ ಗತಿ: ಏನನ್ನೂ ಇನ್‌ಸ್ಟಾಲ್ ಮಾಡದಂತೆ ಬೀಗ. ಅದಕ್ಕೇ ಇಡೀ ಆನ್‌ಲೈನ್ ಗೇಮನ್ನು ಲಾಗಿನ್ ಸಮೇತ ಪೆನ್‌ಡ್ರೈವ್‌ಗೆ ತುಂಬಿಕೊಂಡಿದ್ದೆ. ಚುಚ್ಚಿದರೆ ಸಾಮ್ರಾಜ್ಯ, ಕಿತ್ತರೆ ಝೆರಾಕ್ಸ್.

ದಿನಾ ಮಾವ ಊಟ ಮುಗಿಸಿ ಗೊರಕೆಗಿಳಿದಾಗ, ಆ ಸಾಮ್ರಾಜ್ಯದ ಸೇತುವೆಯ ಮೇಲೆ ಮಿಂಚುಳ್ಳಿ ಕಾಯುತ್ತಿದ್ದಳು. ನೀಲಿ ರೆಕ್ಕೆಯ ಬಿಲ್ಲುಗಾತಿ. ಊರು, ಕೆಲಸ ಕೇಳಬಾರದೆಂದು ನಮ್ಮ ಒಪ್ಪಂದ. ನಿನ್ನೆ ಅವಳು ಬರೆದಳು: ‘ನಾಳೆ ನಮ್ಮಣ್ಣ ಆಫೀಸಿನ ಯುಎಸ್‌ಬಿ ಕಿಂಡಿಗಳಿಗೆಲ್ಲ ಅಂಟು ಹಾಕಿಸ್ತಾನಂತೆ. ವೈರಸ್ ಭಯ. ನಾನೂ ಪೆನ್‌ಡ್ರೈವ್‌ನಿಂದಲೇ ಆಡೋದು, ಬೇರೆ ಕಂಪ್ಯೂಟರ್ ಇಲ್ಲ. ನಾಳೆನೇ ಕೊನೆ, ಸಿಡಿಲಮರಿ.’

ಸಿಡಿಲಮರಿ ಅಂದರೆ ನಾನೇ. ಫೋನ್ ನಂಬರ್ ಕೇಳೋಣವೆಂದು ಸಾವಿರ ಸಲ ಟೈಪ್ ಮಾಡಿದೆ. ಸಾವಿರದ ಒಂದು ಸಲ ಅಳಿಸಿದೆ.

ಇವತ್ತು ಬೆಳಿಗ್ಗೆ, ಎಂದಿನಂತೆ ಎದುರಿನ ಲ್ಯಾಬಿನ ಹುಡುಗಿ ರಕ್ತದ ರಿಪೋರ್ಟುಗಳನ್ನು ಪ್ರಿಂಟ್ ಹಾಕಿಸಲು ಬಂದಳು. ಮಿಂಚುಳ್ಳಿಗೆ ದ್ರೋಹವಾಗದಷ್ಟು ಮಾತ್ರ ಅವಳನ್ನು ನೋಡುವುದು ನನ್ನ ಅಭ್ಯಾಸ.

“ನಿನ್ನೆ ಒಬ್ಬರದ್ದೇ ಹಿಮೋಗ್ಲೋಬಿನ್ ಎರಡು ಸಲ ಪ್ರಿಂಟ್ ಹಾಕಿದ್ರಿ.”

“ನೀವು ಬಂದ್ರೆ ನನಗೆ ಎಲ್ಲ ಎರಡೆರಡು ಕಾಣುತ್ತೆ.”

“ಕನ್ನಡಕ ಹಾಕ್ಕೊಳ್ಳಿ.”

ತುಟಿಯ ಅಂಚಿಗೆ ಬಂದ ನಗುವನ್ನು ಅವಳು ಹಲ್ಲಿನಲ್ಲೇ ಹಿಡಿದುಕೊಂಡಳು. ಮಾವ ಕೆಮ್ಮಿದ. ಕಂಪ್ಯೂಟರಿನಲ್ಲಿದ್ದ ಎರಡು ಕಪ್ಪು ಪೆನ್‌ಡ್ರೈವ್‌ಗಳಲ್ಲಿ, ಅವಳದೊಂದು, ನನ್ನದೊಂದು, ಒಂದನ್ನು ಗಡಿಬಿಡಿಯಲ್ಲಿ ಕಿತ್ತು ಕೊಟ್ಟೆ.

ಮಧ್ಯಾಹ್ನ ಗೇಮ್ ತೆರೆದರೆ ಸೇತುವೆಯ ಮೇಲೆ ನಿಂತಿದ್ದೆ. ಆದರೆ ಬೆನ್ನಿಗೆ ನೀಲಿ ರೆಕ್ಕೆ, ಕೈಯಲ್ಲಿ ಬಿಲ್ಲು. ಅಷ್ಟರಲ್ಲಿ ಆಚೆ ತುದಿಯಿಂದ, ಕಂಬಕಂಬಕ್ಕೂ ಡಿಕ್ಕಿ ಹೊಡೆಯುತ್ತಾ, ಸಿಡಿಲಮರಿ ಬಂದ. ಜನ್ಮದಲ್ಲಿ ನಾನು ಅಷ್ಟು ಕೆಟ್ಟದಾಗಿ ನಡೆದವನಲ್ಲ.

‘ನೀವು ನಾನಾಗಿದ್ದೀರಿ,’ ಎಂದು ಅವನು ಬರೆದ.

‘ನೀವೂ ನಾನೇ. ಸ್ವಲ್ಪ ನೆಟ್ಟಗೆ ನಡೀರಿ, ಮರ್ಯಾದೆ ಪ್ರಶ್ನೆ.’

‘ಝೆರಾಕ್ಸ್?’

‘ಹಿಮೋಗ್ಲೋಬಿನ್?’

ತಲೆಯೆತ್ತಿದೆ. ಬೀದಿಯಾಚೆ, ಲ್ಯಾಬಿನ ಗಾಜಿನ ಹಿಂದೆ, ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಇಷ್ಟು ದಿನ ನಾನು ದ್ರೋಹ ಮಾಡದೆ ಉಳಿದದ್ದು ಯಾರಿಗೆ ಎಂದು ಆಗ ಗೊತ್ತಾಯಿತು.

‘ಅಂಟಿನವರು ಬಂದ್ರು. ಅಣ್ಣ ಬಾಗಿಲಲ್ಲೇ ಇದಾನೆ, ಪ್ರಿಂಟ್ ಕೆಲಸ ಇಲ್ದೆ ನನ್ನನ್ನ ಹೊರಗೆ ಬಿಡಲ್ಲ. ನೀವೇ ಬನ್ನಿ,’ ಎಂದು ಬರೆದ ಸಿಡಿಲಮರಿ ಅಲ್ಲೇ ಮಾಯವಾದ.

ಮಾವನ ತಲೆಯ ಮೇಲಿಂದ ಒಂದೇ ನೆಗೆತಕ್ಕೆ ಹಾರಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಹಲಗೆಯ ಅಡಿಯಲ್ಲಿ ತೆವಳಿದ್ದಕ್ಕೆ ಸಾಕ್ಷಿಯಿಲ್ಲ, ಮಾವನೊಬ್ಬನನ್ನು ಬಿಟ್ಟು.

“ಎಲ್ಲಿಗೋ?”

“ಎದುರಿಗೆ.”

ಮಾವ ನನ್ನನ್ನು ನೋಡಿದ, ಎದುರಿನ ಗಾಜನ್ನೂ ನೋಡಿದ. “ಬಿಸಿಲಿದೆ. ಚಪ್ಪಲಿ ಹಾಕ್ಕೊಂಡು ಹೋಗು,” ಎಂದು ಮತ್ತೆ ಕಣ್ಣು ಮುಚ್ಚಿದ. ಇಷ್ಟು ವರ್ಷ ನಾನು ಹೆದರಿದ ಕೋಟೆ ಇಷ್ಟೇ.

ಲ್ಯಾಬಿನ ಬಾಗಿಲಲ್ಲಿ ಅವಳ ಅಣ್ಣ, ಪರ್ವತದಷ್ಟು ಎತ್ತರ. “ಪೆನ್‌ಡ್ರೈವ್ ಅದಲುಬದಲಾಗಿದೆ,” ಎಂದೆ. ಅವಳು ಬಂದಳು. ಅವಳದ್ದನ್ನು ಚಾಚಿದೆ. ನನ್ನದನ್ನು ಅವಳು ಮುಷ್ಟಿಯಲ್ಲಿ ಇನ್ನಷ್ಟು ಬಿಗಿ ಹಿಡಿದಳು.

“ನಾನು ನಿಮ್ಮ ಹತ್ರಾನೇ ಇರ್ತೀನಿ,” ಎಂದಳು ಮೆಲ್ಲಗೆ. “ಸೇತುವೆಯಿಂದ ಬೀಳಿಸಬೇಡಿ.”

“ಮತ್ತೆ ನಾನು?”

“ನೀವು ನನ್ನ ಹತ್ರ. ಚೆನ್ನಾಗಿದ್ದೀರಾ ಅಂತ ದಿನಾ ಬಂದು ನೋಡ್ಕೊಂಡು ಹೋಗಿ.”

“ಕೊಟ್ಟು ತಗೊಂಡು ಮುಗೀತಾ?” ಎಂದ ಅಣ್ಣ.

“ಇಲ್ಲ,” ಎಂದೆವು ಇಬ್ಬರೂ.