ಗೆರೆ ತುಳಿಯದವನು

ಆ ಶುಕ್ರವಾರ ಬೆಳಿಗ್ಗೆ ಮೈದಾನದಲ್ಲಿ ನೀರು ಚಿಮ್ಮಲಿಲ್ಲ. ಪಾಮೆಟೊ ಬೆಂಡ್ ಊರಿಗೆ ಸಾವಿನ ಸುಳಿವು ಸಿಕ್ಕಿದ್ದು ಹಾಗೆ.

ಲ್ಯಾಂಟರ್ನ್ಸ್ ಬೇಸ್‌ಬಾಲ್ ತಂಡ ಉತ್ತರದ ಹಿಮ ಬಿಟ್ಟು ಪ್ರತಿ ವಸಂತಕ್ಕೂ ಈ ಫ್ಲಾರಿಡಾದ ಊರಿಗೆ ಅಭ್ಯಾಸಕ್ಕೆ ಬರುತ್ತಿತ್ತು. ಅಜ್ಜಂದಿರ ಕಾಲದಿಂದ ಬರುತ್ತಿತ್ತು. ತಂಡ ಇದ್ದಷ್ಟು ದಿನ ಊರಿಗೆ ಜೀವ. ಉಳಿದ ದಿನ ಬರೀ ಕಿತ್ತಳೆ ತೋಟ ಮತ್ತು ಸೆಕೆ. ತಂಡ ಇದ್ದ ದಿನಗಳಲ್ಲಿ ಮೈದಾನ ನೋಡಿಕೊಳ್ಳುವ ಲೂಷಿಯಸ್ ಟಿಲ್‌ಮನ್ ಬೆಳಕು ಹರಿಯುವ ಮುಂಚೆ ಹುಲ್ಲಿಗೆ ನೀರು ಬಿಡುತ್ತಿದ್ದ. ಆ ಸದ್ದಿಗೇ ಸುತ್ತಲಿನ ಮನೆಗಳವರು ಏಳುತ್ತಿದ್ದರು. ಅಂದು ಸದ್ದಿಲ್ಲ. ಆಟದ ಹಿಂದಿನ ರಾತ್ರಿ ಲೂಷಿಯಸ್ ಮೈದಾನದಲ್ಲೇ ಮಲಗುವ ರೂಢಿಯಿತ್ತು, ಹಾಗಾಗಿ ಮನೆಯಲ್ಲಿ ಯಾರೂ ಕಾದಿರಲಿಲ್ಲ. ಮಗ ಥೆರನ್ ನೋಡಿಬರಲು ಓಡಿದ.

ಚೆಂಡೆಸೆಯುವ ದಿಬ್ಬದ ಪಕ್ಕದಲ್ಲಿ ಅಪ್ಪ ಮಗ್ಗುಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮಣ್ಣು ಬಡಿದು ಗಟ್ಟಿಮಾಡುವ ಕಬ್ಬಿಣದ ಬಡಿಗೆ ಅಲ್ಲೇ ಬಿದ್ದಿತ್ತು. ಅದರ ತುದಿಗೆ ರಕ್ತ.

ಡೀಕನ್ ಏಮಸ್ ಗಡ್ಸನ್ ಬರುವಷ್ಟರಲ್ಲಿ ಥೆರನ್‌ನ ಕೈಗೆ ಬೇಡಿ ಬಿದ್ದಾಗಿತ್ತು. ಏಮಸ್ ಈ ಕೌಂಟಿಯ ಮೊದಲ ಕಪ್ಪು ಪೊಲೀಸ್ ಅಧಿಕಾರಿ. ನಿವೃತ್ತನಾದ ಮೇಲೆ ಮೌಂಟ್ ಗಿಲ್ಯಾದ್ ಚರ್ಚಿನ ಹಿರಿಯ. ಲೂಷಿಯಸ್ ಮತ್ತು ಅವನು ಒಂದೇ ಬೆಂಚಿನಲ್ಲಿ ಕೂತು ಮುದುಕರಾದವರು.

ಅವನು ಟೋಪಿ ತೆಗೆದ. ಗೆಳೆಯನ ಬಲಗೈ ಹುಲ್ಲಿನ ಮೇಲೆ ಚಾಚಿತ್ತು. ಬೆರಳುಗಳು ಎಂದಿನಂತೆ ಸೊಟ್ಟಗಿದ್ದವು. ಏಮಸ್ ಮೊದಲು ಪ್ರಾರ್ಥಿಸಿದ. ಆಮೇಲೆ ನೋಡತೊಡಗಿದ.

"ಏಮಸ್ ಮಾಮ, ನಾನು ಎತ್ತಿಕೊಂಡೆ ಅಷ್ಟೇ," ಥೆರನ್ ಅಂದ. "ಉಸಿರಿದೆಯೇನೋ ಅಂತ ಎತ್ತಿಕೊಂಡೆ."

ಶೆರಿಫ್ ಹಾಯ್ಟ್ ತಲೆ ಅಲ್ಲಾಡಿಸಿದ. "ಇವನ ಅಂಗಿ ಮೇಲೆ ರಕ್ತ. ನೆಲದ ಮೇಲೆ ಇವನ ಬೂಟು. ಬುಧವಾರ ಕ್ಷೌರದಂಗಡೀಲಿ ಅಪ್ಪನಿಗೆ ಏನಂದ ಅಂತ ಊರಿಗೆಲ್ಲ ಗೊತ್ತು, ಡೀಕನ್."

"ಏನಂದ?"

"ತಂಡ ಈ ಊರು ಬಿಟ್ಟೇ ಹೊರಟುಹೋಗ್ತಿದೆ, ನೀನೂ ನಮ್ಮ ಜೊತೆ ಬೇರೆ ಊರಿಗೆ ಹೊರಡು, ಇಲ್ಲಾಂದ್ರೆ ಈ ಹುಲ್ಲಿನಡಿಗೇ ನಿನ್ನ ಹೂಳ್ತಾರೆ ಅಂದ."

"ನಾನು ಹೊಳೆಗೆ ಮೀನು ಹಿಡಿಯೋಕೆ ಹೋದಾಗೆಲ್ಲ ನನ್ನ ಹೆಂಡತೀನೂ ಹಾಗೇ ಅಂತಾಳೆ. ಅವಳನ್ನೂ ಜೀಪು ಹತ್ತಿಸಿ."

ಶೆರಿಫ್ ನಗಲಿಲ್ಲ. "ಭಾನುವಾರ ಕೊನೆಯ ಆಟ. ಉತ್ತರದಿಂದ ಪೇಪರಿನವರೆಲ್ಲ ಬರ್ತಾರೆ. ಅಷ್ಟರೊಳಗೆ ಇದು ಮುಗೀಬೇಕು."

"ಮುಗೀಬೇಕೋ, ಸರಿಯಾಗಬೇಕೋ?"

"ನನಗೆ ಕೆಲಸ ಕಲಿಸಿದವರು ನೀವು. ಅದಕ್ಕೇ ಸುಮ್ಮನಿದ್ದೀನಿ. ನೋಡಿ, ಬೇಕಾದ್ದು ನೋಡಿ. ಹುಡುಗ ಮಾತ್ರ ಜೈಲಿಗೆ."

* * *

ಲೂಷಿಯಸ್‌ನ ಹೆಂಡತಿ ಒಡೆಸ ಅಡುಗೆಮನೆಯಲ್ಲಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಕಣ್ಣಲ್ಲಿ ನೀರಿರಲಿಲ್ಲ.

"ಬ್ರದರ್ ಏಮಸ್, ಗಂಡನ್ನ ದೇವರು ಕರೆದ. ಮಗನ್ನ ಶೆರಿಫ್ ಕರೆದ. ದೇವರ ಹತ್ರ ನಾನು ವಾದ ಮಾಡಲ್ಲ. ಶೆರಿಫ್ ಹತ್ರ ನೀವು ಮಾಡಿ."

ಈ ರಾಜ್ಯದಲ್ಲಿ ಕೊಲೆಗೆ ವಿದ್ಯುತ್ ಕುರ್ಚಿ ಇತ್ತು. ಅದರ ಮೇಲೆ ಯಾವ ಬಣ್ಣದವರು ಹೆಚ್ಚು ಕೂತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು.

"ನಿನ್ನೆ ಯಾರಾದರೂ ಬಂದಿದ್ರಾ, ಸಿಸ್ಟರ್?"

"ಮಧ್ಯಾಹ್ನ ಡನವೇ ಬಂದಿದ್ದ. ಸಿಹಿಗೆಣಸಿನ ಪೈ ಕೊಟ್ಟೆ. ಅರ್ಧ ಬಿಟ್ಟ. ಇಷ್ಟು ವರ್ಷದಲ್ಲಿ ನನ್ನ ಪೈ ಬಿಟ್ಟ ಮೊದಲ ಮನುಷ್ಯ. ಎದುರಿಗೆ ಕೂತಿದ್ರೂ ಇವರ ಕೈ ಕಡೆ ನೋಡಲೇ ಇಲ್ಲ. ಬಾಗಿಲಲ್ಲಿ ಇಬ್ಬರೂ ಏನೋ ಗುಸುಗುಸು ಮಾಡಿದ್ರು. ಆಮೇಲೆ ಆ ಬಿಲ್ಡರ್ ಸ್ಟ್ರಿಕ್‌ಲೆಂಡ್ ಫೋನ್ ಮಾಡಿದ. ಸಂಜೆ ಮೈದಾನಕ್ಕೆ ಬರ್ತೀನಿ, ಮಾತಾಡೋದಿದೆ ಅಂದ."

ರಾಯ್ಸ್ ಡನವೇ ಎಂದರೆ ಊರಿನ ಕಣ್ಮಣಿ. ಒಂದು ಕಾಲದಲ್ಲಿ ದೇಶವೇ ಕೊಂಡಾಡಿದ ಪಿಚರ್, ಅಂದರೆ ದಿಬ್ಬದಿಂದ ಚೆಂಡೆಸೆಯುವವನು. ಮೈದಾನದ ಗೇಟಿನಲ್ಲಿ ಅವನ ಕಂಚಿನ ಪ್ರತಿಮೆ ಇತ್ತು. ಬೀಳ್ಕೊಡುಗೆಗೆಂದು ಬಂದ ಹಳೆಯ ಆಟಗಾರರಲ್ಲಿ ಅವನೂ ಒಬ್ಬ.

ಸ್ಟ್ರಿಕ್‌ಲೆಂಡ್ ಬೇರೆ ತರಹದ ಮನುಷ್ಯ. ತಂಡ ಹೋದ ಮೇಲೆ ಮೈದಾನ ಅಗೆದು ಅಂಗಡಿ ಸಾಲು ಕಟ್ಟುವವನು. ಲೂಷಿಯಸ್ ಅವನ ಅಳತೆಯ ಗೂಟಗಳನ್ನು ಎರಡು ಸಲ ಕಿತ್ತೆಸೆದಿದ್ದ.

* * *

ಏಮಸ್ ಮತ್ತೆ ಮೈದಾನಕ್ಕೆ ಬಂದ. ದೇಹವನ್ನು ಒಯ್ದಾಗಿತ್ತು. ದಿಬ್ಬದ ಸುತ್ತ ಹಗ್ಗ ಕಟ್ಟಿ ಒಬ್ಬ ಪೊಲೀಸ್ ನಿಂತಿದ್ದ.

ಅಂದು ಹಳಬರ ಗೆಳೆತನದ ಆಟ ನಡೆಯಬೇಕಿತ್ತು. ಅದಕ್ಕಾಗಿ ಹಿಂದಿನ ಸಂಜೆಯೇ ಲೂಷಿಯಸ್ ಮಣ್ಣು ಸಮಮಾಡಿ ಸುಣ್ಣದ ಗೆರೆ ಎಳೆದಿದ್ದ. ಎಲ್ಲರೂ ಹೋದ ಮೇಲೆ ಮಾಡುವ ಕೆಲಸ ಅದು. ಆಮೇಲೆ ಹಕ್ಕಿ ಇಳಿದರೂ ಗುರುತು ಬೀಳಬೇಕು.

ಗುರುತುಗಳು ಬಿದ್ದಿದ್ದವು. ಥೆರನ್‌ನ ಬೂಟು ಗೇಟಿನಿಂದ ನೇರ ದಿಬ್ಬಕ್ಕೆ ಓಡಿತ್ತು. ಸುಣ್ಣದ ಗೆರೆಯ ಮೇಲೆ ಧಪ್ಪನೆ ತುಳಿದು, ಬಿಳಿ ಪುಡಿಯನ್ನು ದೂರದವರೆಗೆ ಎಳೆದುಕೊಂಡು ಹೋಗಿತ್ತು. ಇನ್ನೊಂದು ಸಾಲು ಬೇರೆ. ಚರ್ಮದ ಅಟ್ಟೆಯ ಷೂ. ಆಟಗಾರರು ಕೂರುವ ಡಗೌಟಿನಿಂದ ದಿಬ್ಬಕ್ಕೆ ಹೋಗಿ, ಅಲ್ಲಿಂದ ವಾಪಸು. ಹೋಗುವಾಗ ನಿಧಾನ. ಬರುವಾಗ ಹೆಜ್ಜೆಗಳು ದೂರ ದೂರ. ಓಡಿದ್ದಾನೆ.

ಆದರೆ ಗೆರೆ ಮುಟ್ಟಿರಲಿಲ್ಲ.

ಏಮಸ್ ಮಂಡಿಯೂರಿ ಕೂತ. ಓಡಿಬಂದ ಕಾಲು ಗೆರೆಯ ಹತ್ತಿರ ಒಂದು ಚಿಕ್ಕ ಹೆಜ್ಜೆ ಇಟ್ಟು ಹದ ಮಾಡಿಕೊಂಡಿತ್ತು. ಆಮೇಲೆ ದಾಟಿತ್ತು. ಸುಣ್ಣದ ಒಂದು ಕಣವೂ ಕದಲಿರಲಿಲ್ಲ.

ಆಮೇಲೆ ಸ್ಟ್ರಿಕ್‌ಲೆಂಡ್‌ನನ್ನು ಕರೆಸಿದ.

"ಬೇಗ ಹೇಳಿ, ಡೀಕನ್. ನನಗೆ ಕೆಲಸವಿದೆ."

"ಒಂದು ನಿಮಿಷ. ಆ ಕಡೆ ಗೂಟ ಹೊಡೆಸಿದ್ರಲ್ಲ, ಎಲ್ಲಿ ಅಂತ ತೋರಿಸಿ."

ಸ್ಟ್ರಿಕ್‌ಲೆಂಡ್ ಬಿರಬಿರನೆ ನಡೆದ. ಗುರುತಿಲ್ಲದ ಕಡೆ ಗೆರೆಯ ಮೇಲೇ ಕಾಲಿಟ್ಟ. ಮತ್ತೆ ಇಟ್ಟ. ಅವನ ಹೊಳೆಯುವ ಚರ್ಮದ ಷೂಗೆ ಸುಣ್ಣ ಮೆತ್ತಿಕೊಂಡಿತು.

"ನಿನ್ನೆ ಸಂಜೆ ಒಳಗೆ ಬಂದಿದ್ರಾ?"

"ಎಲ್ಲಿ? ಮುದುಕ ಗೇಟೇ ತೆಗೀಲಿಲ್ಲ. ಗೆರೆ ಎಳೆದಾಗಿದೆ, ನಾಳೆ ಬಾ ಅಂದ. ನಾನೇನು ಆನೆಯಾ?"

"ಆನೆಯಾದರೂ ನೋಡಿ ಕಾಲಿಡುತ್ತೆ," ಅಂದ ಏಮಸ್. "ಹೋಗಿ ಬನ್ನಿ. ನಿಮ್ಮ ಷೂ ನಿಮ್ಮನ್ನು ಉಳಿಸಿತು."

ಸ್ಟ್ರಿಕ್‌ಲೆಂಡ್ ಷೂ ನೋಡಿಕೊಂಡ. ಅವನಿಗೆ ಅರ್ಥವಾಗಲಿಲ್ಲ.

ಏಮಸ್ ದಿಬ್ಬದ ಕಡೆ ತಿರುಗಿದ. ದಿಬ್ಬದ ಮೇಲೆ ಟಾರ್ಪಾಲು ಹೊದಿಸಿತ್ತು. ಒಂದು ಮೂಲೆ ಮಡಚಿಕೊಂಡಿತ್ತು. ಲೂಷಿಯಸ್ ಎಂದೂ ಹಾಗೆ ಹೊದಿಸಿದವನಲ್ಲ. ಪೊಲೀಸಿನವನನ್ನು ಕರೆದು ಇಬ್ಬರೂ ಟಾರ್ಪಾಲು ಎತ್ತಿದರು.

ಜಾರ್ಜಿಯಾದಿಂದ ತರಿಸಿದ ಕೆಂಪು ಜೇಡಿ. ನಡುವೆ ಪಿಚರ್ ಕಾಲೂರುವ ಬಿಳಿ ರಬ್ಬರ್ ಪಟ್ಟಿ. ಪಟ್ಟಿಯ ಎಡತುದಿಯ ಮುಂದೆ ಮಣ್ಣು ಕೆದರಿ ಒಂದು ಗುಳಿ ಬಿದ್ದಿತ್ತು. ಷೂವಿನ ತುದಿಯಿಂದ ಮತ್ತೆ ಮತ್ತೆ ಕೆದರಿದ ಗುಳಿ.

ಗುಳಿ ಮುಚ್ಚದೆ, ಬಡಿದು ಗಟ್ಟಿಮಾಡದೆ ಲೂಷಿಯಸ್ ಟಾರ್ಪಾಲು ಹೊದಿಸುವುದು ಉಂಟೇ? ಹೊದಿಸಿದ್ದು ಬೇರೆಯವನು. ಅದೂ ಲೂಷಿಯಸ್ ಬಿದ್ದ ಮೇಲೆ.

ಏಮಸ್ ಶೆರಿಫ್‌ಗೆ ಹೇಳಿ ಗುಳಿಗೂ ಹೆಜ್ಜೆಗಳಿಗೂ ಪ್ಲಾಸ್ಟರಿನ ಅಚ್ಚು ತೆಗೆಸಿದ. ಆಮೇಲೆ ತನ್ನ ಕೈಯಾರೆ ಗುಳಿ ಮುಚ್ಚಿ, ಮಣ್ಣು ಬಡಿದು, ದಿಬ್ಬವನ್ನು ನುಣ್ಣಗೆ ಮಾಡಿದ.

"ಸಾಕ್ಷಿ ಮುಚ್ಚಿಹಾಕ್ತಿದ್ದೀರಾ?" ಶೆರಿಫ್ ಕೇಳಿದ.

"ಇನ್ನೊಂದು ಹುಟ್ಟಲಿ ಅಂತ. ಗುಳಿಯ ವಿಷಯ ಯಾರ ಬಾಯಲ್ಲೂ ಬರಬಾರದು."

* * *

ಶನಿವಾರ ಬೆಳಿಗ್ಗೆ ರಾಯ್ಸ್ ಡನವೇ ಮೈದಾನಕ್ಕೆ ಬಂದ. ಭಾನುವಾರದ ಮೊದಲ ಚೆಂಡು ಎಸೆಯುವ ಗೌರವ ಅವನದು. ಒಂದೆರಡು ಎಸೆದು ಕೈ ಸಡಿಲ ಮಾಡಿಕೊಳ್ಳಿ ಎಂದು ಏಮಸ್ ಹೇಳಿಕಳಿಸಿದ್ದ. ಶೆರಿಫ್ ಡಗೌಟಿನ ನೆರಳಲ್ಲಿ ಕೂತಿದ್ದ.

ಡನವೇ ದೊಡ್ಡ ಆಳು. ಕೂದಲು ಬೆಳ್ಳಗಾಗಿತ್ತು.

"ಡೀಕನ್! ಇನ್ನೂ ಬದುಕಿದ್ದೀಯಾ? ದೇವರಿಗೂ ಬೇಡವಾದೆಯಾ?"

"ಅಲ್ಲಿ ಮೈದಾನ ಇನ್ನೂ ಸಿದ್ಧವಾಗಿಲ್ಲವಂತೆ. ಅದಕ್ಕೇ ಲೂಷಿಯಸ್‌ನ ಮೊದಲು ಕರೆಸಿಕೊಂಡರು."

ಡನವೇಯ ನಗು ನಿಂತಿತು. ಅವನು ಚೆಂಡು ತೆಗೆದುಕೊಂಡು ನಡೆದ. ಗೆರೆ ಬಂತು. ಅವನು ಕೆಳಗೆ ನೋಡಲಿಲ್ಲ. ಕಾಲು ತಾನಾಗಿ ಒಂದು ಚಿಕ್ಕ ಹೆಜ್ಜೆ ಇಟ್ಟಿತು, ಆಮೇಲೆ ದಾಟಿತು.

ದಿಬ್ಬ ಹತ್ತಿದ. ರಬ್ಬರ್ ಪಟ್ಟಿಯನ್ನು ನೋಡಿದ. ಒಂದು ಕ್ಷಣ ತಡೆದ. ಆಮೇಲೆ ಬಲತುದಿಗೆ ಹೋಗಿ ನಿಂತ. ಕಾಲು ಕದಲಿಸದೆ ಚೆಂಡೆಸೆದ.

"ರಾಯ್ಸ್," ಏಮಸ್ ಅಂದ, "ಯಾಕೆ ಅಲ್ಲಿ ನಿಂತೆ?"

"ಅಂದ್ರೆ?"

"ಬಲಗೈಯಲ್ಲಿ ಎಸೆಯೋನು ಎಡತುದೀಲಿ ನಿಲ್ಲಬಾರದು ಅಂತ ಎಷ್ಟು ಕೋಚ್‌ಗಳು ಬೈದರು. ನೀನು ಕೇಳಲಿಲ್ಲ. ಅಲ್ಲೇ ನಿಂತೆ. ಅಲ್ಲೇ ಕೆದರಿದೆ. ಗೇಟಿನ ಪ್ರತಿಮೆ ಮಾಡಿದವನು ಆ ಗುಳೀನೂ ಕಂಚಲ್ಲಿ ಎರಕ ಹೊಯ್ದಿದ್ದಾನೆ. ಇವತ್ತು ಆ ಜಾಗ ಯಾಕೆ ಬೇಡವಾಯ್ತು?"

"ವಯಸ್ಸಾಯ್ತು. ಎಲ್ಲಿ ನಿಂತರೇನು?"

"ಗುರುವಾರ ಸಂಜೆ ನಿಂತ ಕಡೆ ಇವತ್ತು ನಿಲ್ಲೋಕೆ ಭಯ. ಅಲ್ಲಿ ಗುಳಿ ಬಿದ್ದಿತ್ತು ಅಂತ ನಿನಗೆ ಗೊತ್ತು. ಅದರ ಮೇಲೆ ಟಾರ್ಪಾಲು ಎಳೆದೋನು ನೀನೇ. ನಾವು ನೋಡಿದ್ದನ್ನ ಯಾರಿಗೂ ಹೇಳಿಲ್ಲ."

"ಇದೆಲ್ಲ ಸಾಕ್ಷಿಯಾ, ಡೀಕನ್?"

"ಅಲ್ಲ. ಇನ್ನೊಂದಿದೆ. ದಿಬ್ಬ ಹತ್ತಿದರೆ ಕಾಲು ಕೆದರ್ತೀಯ ಅಂತ ನೆನಪಾಗಿ, ಇವತ್ತು ಹುಷಾರಾದೆ. ಗೆರೆ ದಾಟೋದು ನೆನಪಾಗಲೇ ಇಲ್ಲ. ಅಪಶಕುನ ಅಂತ ಆಟಗಾರರ್ಯಾರೂ ಆ ಗೆರೆ ತುಳಿಯಲ್ಲ. ಹುಡುಗನಾಗಿದ್ದಾಗಿನಿಂದ ಕಾಲಿಗೆ ಹತ್ತಿದ್ದು, ತಲೆಗೆ ಗೊತ್ತೇ ಆಗಲ್ಲ. ಒಬ್ಬನ ಜೀವ ತೆಗೆದು ಓಡಿದೆ, ರಾಯ್ಸ್. ಓಡುವಾಗಲೂ ಸುಣ್ಣ ತುಳಿಯದ ಹಾಗೆ ನೋಡಿಕೊಂಡೆ. ಥೆರನ್ ಅಪ್ಪನ ಕಡೆ ಓಡಿಬಂದ. ಅವನಿಗೆ ಗೆರೆಯೂ ಕಾಣಲಿಲ್ಲ, ಏನೂ ಕಾಣಲಿಲ್ಲ."

ಶೆರಿಫ್ ಎದ್ದು ಬಂದ. ಅವನ ಕೈಯಲ್ಲಿ ಕಾಗದದ ಚೀಲವಿತ್ತು.

"ನಿಮ್ಮ ಹೋಟೆಲ್ ರೂಮಿನ ಷೂ, ಮಿಸ್ಟರ್ ಡನವೇ. ನ್ಯಾಯಾಧೀಶರ ಅಪ್ಪಣೆ ತಗೊಂಡೇ ತಂದಿದ್ದೀನಿ. ಅಚ್ಚಿಗೆ ಸರಿಹೋಯ್ತು. ಒರೆಸಿದ್ದೀರಿ. ಆದ್ರೆ ಹೊಲಿಗೆ ಸಂದೀಲಿ ಕೆಂಪು ಜೇಡಿ ಉಳಿದಿದೆ. ಊರಿಗೆಲ್ಲ ಬಿಳಿ ಮರಳು. ಆ ಜೇಡಿ ಇರೋದು ಈ ದಿಬ್ಬದ ಮೇಲೆ ಮಾತ್ರ. ನೀವು ಬಂದಾಗಿನಿಂದ ಗುರುವಾರ ಸಂಜೆವರೆಗೂ ಇದು ಟಾರ್ಪಾಲಿನ ಕೆಳಗಿತ್ತು."

ಡನವೇ ದಿಬ್ಬದ ಮೇಲೆ ಕುಸಿದು ಕೂತ. ದೊಡ್ಡ ದೇಹ ಚಿಕ್ಕದಾಗಿ ಕಂಡಿತು.

"ಕ್ಷಮೆ ಕೇಳೋಕೆ ಹೋಗಿದ್ದೆ," ಅಂದ.

ಯಾವುದಕ್ಕೆ ಎಂದು ಏಮಸ್ ಕೇಳಲಿಲ್ಲ. ಆ ಸೊಟ್ಟ ಬೆರಳುಗಳು ಅವನ ಕಣ್ಣ ಮುಂದೆಯೇ ಇದ್ದವು.

ಬಹಳ ಹಿಂದೆ ಒಂದು ವಸಂತದಲ್ಲಿ ತಂಡದಲ್ಲಿ ಒಬ್ಬ ಪಿಚರ್‌ಗೆ ಮಾತ್ರ ಜಾಗ ಉಳಿದಿತ್ತು. ಇಬ್ಬರು ಹುಡುಗರು ಅದಕ್ಕೆ ಹೋರಾಡುತ್ತಿದ್ದರು. ಡನವೇ ಊರಿನ ದೊಡ್ಡ ಹೋಟೆಲಿನಲ್ಲಿದ್ದ. ಲೂಷಿಯಸ್‌ಗೆ ಅಲ್ಲಿ ಪ್ರವೇಶವಿರಲಿಲ್ಲ. ಅವನು ಕರಿಯರ ಕೇರಿಯಲ್ಲಿ ಒಡೆಸಳ ತಾಯಿಯ ಮನೆಯಲ್ಲಿ ಇಳಿದಿದ್ದ. ಚೆಂಡಿನ ವೇಗದಲ್ಲಿ ಲೂಷಿಯಸ್ ಮುಂದಿದ್ದ. ಒಂದು ದಿನ ಕೇರಿಯ ದಾರಿಯಲ್ಲಿ ಯಾರೋ ಹಿಂದಿನಿಂದ ಅವನ ತಲೆಗೆ ಗೋಣಿ ಹಾಕಿ ಬಲಗೈ ಜಜ್ಜಿದರು. ಮರದ ಗಿರಣಿಯ ಹುಡುಗರೆಂದು ಊರು ತೀರ್ಮಾನಿಸಿತು. ಕಾರ್ಲ್ ವೀಮ್ಸ್ ಎಂಬ ಒಬ್ಬನನ್ನು ಹಿಡಿದು ಜೈಲಿಗೆ ಹಾಕಿದರು. ಅವನು ಅಲ್ಲೇ ಜ್ವರ ಬಂದು ಸತ್ತ. ಡನವೇ ತಂಡ ಸೇರಿದ. ಲೂಷಿಯಸ್ ಒಡೆಸಳನ್ನು ಮದುವೆಯಾಗಿ ಊರಲ್ಲೇ ಉಳಿದ. ತಾನು ಏರಬೇಕಿದ್ದ ದಿಬ್ಬವನ್ನು ಬೇರೆಯವರಿಗಾಗಿ ಕಟ್ಟುತ್ತ ಬದುಕು ಸವೆಸಿದ.

"ಅವನು ಕ್ಷಮಿಸಲಿಲ್ವಾ?" ಏಮಸ್ ಕೇಳಿದ.

"ಕ್ಷಮಿಸಿದ. ಕೈ ಹಿಡ್ಕೊಂಡ. ನಾನು ಜಜ್ಜಿದ ಆ ಕೈಯಿಂದಲೇ ಹಿಡ್ಕೊಂಡ. ಒಂದು ಸಲ ನಿಂತು ನೋಡು ಅಂತ ಟಾರ್ಪಾಲೂ ಸರಿಸಿಕೊಟ್ಟ." ಡನವೇ ಮುಖ ಒರೆಸಿಕೊಂಡ. "ಆಮೇಲೆ ಅಂದ, ನನಗೆ ಹೇಳಿದ್ದು ಸಾಲದು, ಭಾನುವಾರ ಮೈಕಿನ ಮುಂದೆ ಹೇಳು. ವೀಮ್ಸ್ ಹುಡುಗನ ತಾಯಿ ಇನ್ನೂ ಬದುಕಿದ್ದಾಳೆ, ಅವಳು ಕೇಳಲಿ ಅಂದ. ನನ್ನ ಹೆಸರು, ನನ್ನ ಮೊಮ್ಮಕ್ಕಳು... ಆಗಲ್ಲ ಅಂದೆ. ನೀನು ಹೇಳದಿದ್ರೆ ನಾನು ಹೇಳಬೇಕಾಗುತ್ತೆ ಅಂದ. ಬೆದರಿಸಲಿಲ್ಲ, ಡೀಕನ್. ದುಃಖದಿಂದ ಅಂದ. ಆಮೇಲೆ ನಾನು ಕೆದರಿದ ಗುಳಿ ಮುಚ್ಚೋಕೆ ಬಾಗಿದ. ಬಡಿಗೆ ನನ್ನ ಕಾಲ ಹತ್ರ ಇತ್ತು."

ಶೆರಿಫ್ ಬೇಡಿ ತೆಗೆದ.

"ಎರಡನೇ ಸಲ ನಿನ್ನ ಪಾಪಕ್ಕೆ ಇನ್ನೊಬ್ಬನ ಮಗ ಜೈಲಿಗೆ ಹೋದ," ಏಮಸ್ ಅಂದ. "ಅದನ್ನೂ ನೋಡ್ತಾ ಕೂತಿದ್ದೆಯಲ್ಲ."

ಡನವೇ ಎದ್ದು ಎರಡೂ ಕೈ ಚಾಚಿದ. ಅವನನ್ನು ನಡೆಸಿಕೊಂಡು ಹೋದರು.

* * *

ಭಾನುವಾರ ಆಟ ನಡೆಯಲಿಲ್ಲ. ತಂಡದವರು ಬಸ್ಸಿನಿಂದಿಳಿದು ಕಪ್ಪು ಪಟ್ಟಿ ಕಟ್ಟಿಕೊಂಡು ಮೌಂಟ್ ಗಿಲ್ಯಾದ್ ಸ್ಮಶಾನದ ಬೇಲಿಯ ಉದ್ದಕ್ಕೂ ನಿಂತರು. ಇಷ್ಟು ವರ್ಷಗಳಲ್ಲಿ ತಂಡ ಆ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು.

ಥೆರನ್ ತಾಯಿಯ ತೋಳು ಹಿಡಿದಿದ್ದ. ಬೇಡಿಯ ಗುರುತು ಮಣಿಕಟ್ಟಿನಲ್ಲಿ ಇನ್ನೂ ಕಾಣುತ್ತಿತ್ತು.

ಎಲ್ಲರ ಹಿಂದೆ ಕೋಲೂರಿಕೊಂಡು ಒಬ್ಬ ಬಿಳಿಯ ಮುದುಕಿ ನಿಂತಿದ್ದಳು. ಏಮಸ್ ಗುರುತು ಹಿಡಿದ. ಒಡೆಸಳೂ ಹಿಡಿದಳು.

"ಹಿಂದೆ ಯಾಕೆ ನಿಂತ್ರಿ, ಮಿಸೆಸ್ ವೀಮ್ಸ್? ಇಲ್ಲಿ ಬನ್ನಿ," ಒಡೆಸ ಕರೆದಳು.

"ನಾನು ಬರಬಹುದಾ?"

"ನಿಮ್ಮ ಮಗನ ಹೆಸರಿನ ಕಳಂಕ ತೊಳೀಬೇಕು ಅಂತಲೇ ಇವರು ಸತ್ತಿದ್ದು. ನೀವಲ್ಲದೆ ಯಾರು ಬರಬೇಕು?"

ಮುದುಕಿ ಬಂದು ಒಡೆಸಳ ಪಕ್ಕ ನಿಂತಳು. ಡನವೇ ಮೈಕಿನ ಮುಂದೆ ಹೇಳಬೇಕಿದ್ದ ಮಾತನ್ನು ಏಮಸ್ ಗೋರಿಯ ಮುಂದೆ ಹೇಳಿದ. ಕಾರ್ಲ್ ವೀಮ್ಸ್ ನಿರಪರಾಧಿ ಎಂದ. ಎರಡು ಸಲ ಹೇಳಿದ. ಒಡೆಸ ಮುದುಕಿಯ ಕೈ ಹಿಡಿದುಕೊಂಡಳು.

ಆಮೇಲೆ ಏಮಸ್ ಕಣ್ಣು ಮುಚ್ಚಿದ. ಪ್ರಾರ್ಥಿಸಿದ.

"ಕರ್ತನೇ, ನಿನ್ನ ಸೇವಕ ಲೂಷಿಯಸ್ ನಿನ್ನ ಬಳಿಗೆ ಬಂದಿದ್ದಾನೆ. ತನ್ನ ಕೈ ಮುರಿದವನನ್ನು ಇವನು ಮನ್ನಿಸಿದ್ದಾನೆ. ಇವನ ತಪ್ಪುಗಳಿದ್ದರೆ ನೀನು ಮನ್ನಿಸು. ಜೈಲಿನಲ್ಲಿ ಸತ್ತ ಆ ಹುಡುಗನನ್ನು ಇವನ ಪಕ್ಕದಲ್ಲೇ ಕೂರಿಸು. ಇವರ ದಣಿವು ತೀರಲಿ. ನಿನ್ನ ಬೆಳಕು ಇವರ ಮೇಲೆ ಬೀಳಲಿ. ಇವರ ಆತ್ಮಗಳಿಗೆ ಶಾಂತಿ ಕೊಡು, ತಂದೆಯೇ. ಆಮೆನ್."